ಒಂದೇ ‘ಎ’ಯಲ್ಲಿ ಅಡಗಿ ಕೂತ ಇಂಗ್ಲಿಷು

ಇಂಗ್ಲಿಷ್ ಕಲಿಯುವವರನ್ನು ಗೋಳು ಹೊಯ್ದುಕೊಳ್ಳುವ ಸ್ವರವೊಂದು ಧರ್ಮಸ್ಥಳದ ರಥಬೀದಿಯಲ್ಲಿ ದಿನವಿಡೀ ಆರಾಮಾಗಿ ಓಡಾಡಿಕೊಂಡಿದೆ ಎಂದರೆ ನಂಬುತ್ತೀರಾ?

‘ಮ್ಯಾನ್’ ಎಂದರೆ ಒಬ್ಬ, ‘ಮೆನ್’ ಎಂದರೆ ಹಲವರು. ಮೊದಲನೆಯದಕ್ಕೆ ನಾವು ಯಕಾರ ತುರುಕಿ, ಉದ್ದಕ್ಕೆ ಎಳೆದು ಹೇಗೋ ಸುಧಾರಿಸಿಕೊಂಡಿದ್ದೇವೆ. ಅಸಲಿನಲ್ಲಿ ಅಲ್ಲಿ ಯಕಾರವೇ ಇಲ್ಲ! ಇರುವುದು ‘ಎ’ಗಿಂತ ಬಾಯಿ ಅಗಲಿಸಿ ಹೇಳುವ ಸ್ವರ, ನಮ್ಮ ಅಕ್ಷರಮಾಲೆಯಲ್ಲಿ ಅದಕ್ಕೆ ಜಾಗವಿಲ್ಲ. ಹಳ್ಳಿಯ ‘ಮ್ಯಾಲೆ’, ‘ಪ್ಯಾಟೆ’ಗಳಲ್ಲಿ ಅದರ ದೀರ್ಘ ರೂಪ ಇದೆ, ಅದನ್ನೂ ಶಾಲೆಯಲ್ಲಿ ತಿದ್ದಿಬಿಡುತ್ತಾರೆ.

ಈಗ ಧರ್ಮಸ್ಥಳದ ರಥಬೀದಿಯಲ್ಲಿ ಕೇಳಿ. ಘಟ್ಟದ ಮೇಲಿಂದ ಬಂದ ಯಾತ್ರಿಕರಿಗೆ ಕನ್ನಡದಲ್ಲಿ ಚಿಲ್ಲರೆ ಎಣಿಸಿಕೊಟ್ಟ ಅಂಗಡಿಯವರು ಪಕ್ಕದವರತ್ತ ತಿರುಗಿದ್ದೇ ತಡ, ತುಳು! ‘ಯಾನ್ ಮಲ್ಪುವೆ’ ಅಂದರೆ ನಾನು ಮಾಡುತ್ತೇನೆ. ‘ಆಯೆ ಮಲ್ಪುವೆ’ ಅಂದರೆ ಅವನು ಮಾಡುತ್ತಾನೆ. ಬರೆದರೆ ಕ್ರಿಯಾಪದ ಎರಡೂ ಕಡೆ ಒಂದೇ. ಆದರೆ ಕಿವಿಗೊಡಿ! ‘ನಾನು’ ಎಂಬಲ್ಲಿ ಕ್ರಿಯಾಪದದ ಕೊನೆಯ ಸ್ವರಕ್ಕೆ ದವಡೆ ತುಸು ಇಳಿಯುತ್ತದೆ, ನಾಲಿಗೆ ತಗ್ಗುತ್ತದೆ. ಹೆಚ್ಚುಕಮ್ಮಿ ‘ಮ್ಯಾನ್’ನ ಸ್ವರವೇ. ‘ಅವನು’ ಎಂಬಲ್ಲಿ ಬಾಯಿ ಅಷ್ಟು ತೆರೆಯುವುದಿಲ್ಲ. ಅದು ‘ಮೆನ್’ನ ಎ. ಆಗಿಹೋದದ್ದಿರಲಿ, ಆಗಬೇಕಾದದ್ದಿರಲಿ, ಎಲ್ಲ ಕಾಲದಲ್ಲೂ ನಾನು–ಅವನು ಬೇರೆಯಾಗುವುದು ಈ ಕೂದಲೆಳೆಯಲ್ಲಿ! ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಮಕ್ಕಳಿಗೆ ಇದು ಕರತಲಾಮಲಕ.

ಗುಟ್ಟು ಮುಚ್ಚಿಹೋದದ್ದು ಬರಹದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್‌ನವರು ತುಳುವನ್ನು ಅಚ್ಚು ಹಾಕಲು ಕನ್ನಡ ಲಿಪಿ ಆರಿಸಿಕೊಂಡರು. ಎರಡು ಸ್ವರಗಳಿಗೂ ಒಂದೇ ‘ಎ’. ಆ ಮಿಷನ್‌ನವರಲ್ಲೇ ಬ್ರಿಗೆಲ್ ಅವರ ತುಳು ವ್ಯಾಕರಣ ಬಂದದ್ದು 1872ರಲ್ಲಿ, ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ. ಅಂದಹಾಗೆ ‘ಮೆನ್ನರ್’ ಎಂಬುದಕ್ಕೆ ಜರ್ಮನ್‌ನಲ್ಲಿ ಗಂಡಸರು ಎಂದೇ ಅರ್ಥ, ಇಂಗ್ಲಿಷಿನ ‘ಮೆನ್’ಗೆ ಸಾಕ್ಷಾತ್ ದಾಯಾದಿ! ಇದಕ್ಕೇನನ್ನೋಣ?

ಇಂದಿಗೂ ಮೊಬೈಲಿನಲ್ಲಿ ‘ಎಲ್ಲೆ ಬರ್ಪೆ’ ಎಂದು ಸಂದೇಶ ಬಂದರೆ, ನಾಳೆ ಬರುವುದು ಬರೆದವನೋ ಇನ್ನೊಬ್ಬನೋ ಸಂದರ್ಭ ನೋಡಿ ಊಹಿಸಬೇಕು. ಅದನ್ನೇ ಫೋನಿನಲ್ಲಿ ಹೇಳಲಿ, ಅನುಮಾನಕ್ಕೆ ಎಡೆಯೇ ಇಲ್ಲ.

ಉಜಿರೆ, ಬೆಳ್ತಂಗಡಿಯ ಇಂಗ್ಲಿಷ್ ಮಾಸ್ಟ್ರುಗಳೇ, ‘ಬೆಡ್’ ಆಗದ ಹಾಗೆ ‘ಬ್ಯಾಡ್’ ಹೇಳಿಸಬೇಕೇ? ಮಗುವಿನ ಬಾಯಲ್ಲಿ ಒಮ್ಮೆ ‘ಯಾನ್ ಬರ್ಪೆ’ ಅನ್ನಿಸಿ. ಕೊನೆಯ ಸ್ವರವನ್ನು ಹಾಗೇ ಹಿಡಿಸಿ, ಆಚೆಗೊಂದು ಬಕಾರ, ಈಚೆಗೊಂದು ಡಕಾರ ಸೇರಿಸಿ!