ಹಿಗ್ಗೂ ಒಂದು ವ್ರತ

ವ್ರತವೆಂದರೆ ನಮ್ಮ ಕಣ್ಣ ಮುಂದೆ ಬರುವುದು ಉಪವಾಸ, ಜಾಗರಣೆ, ಮೌನ. ಏನನ್ನಾದರೂ ಬಿಡುವುದೇ ಸಾಧನೆಯೆಂದು ಬಗೆದಿರುವ ನಮಗೆ, ಹಿಗ್ಗುವುದೂ ಆ ಹಿಗ್ಗನ್ನು ನೆರೆಯವರೊಡನೆ ಹಂಚಿಕೊಳ್ಳುವುದೂ ಒಂದು ಸಾಧನೆಯೆಂದರೆ ತುಸು ಅಚ್ಚರಿಯಾದೀತು. ಕ್ರೈಸ್ತ ಸಂಪ್ರದಾಯದಲ್ಲಿ ಅಂಥ ಸಾಧನೆ ಉಂಟು. ಅದಕ್ಕೆ ಕಟ್ಟಳೆಯೂ ಉಂಟು.

ಈಸ್ಟರಿಗೆ ಮುಂಚೆ, ಭಾನುವಾರಗಳನ್ನು ಬಿಟ್ಟು, 40 ದಿನ ತಪಸ್ಸುಕಾಲವೆಂಬುದನ್ನು ಬಹುಮಂದಿ ಬಲ್ಲರು. ಈಸ್ಟರಿನಿಂದ ಪೆಂತೆಕೋಸ್ತದವರೆಗೆ 50 ದಿನ ಹರ್ಷಕಾಲವೆಂಬುದನ್ನು ಬಲ್ಲವರು ಕಡಮೆ. ಅಳಲಿಗಿಂತ ನಲಿವಿಗೆ ಹತ್ತು ದಿನ ಹೆಚ್ಚು! ಕ್ರಿ.ಶ. 325ರಲ್ಲಿ ನೈಸಿಯಾ ಪಟ್ಟಣದಲ್ಲಿ ನೆರೆದ ಧರ್ಮಸಭೆಯು, ಭಾನುವಾರಗಳಲ್ಲಿಯೂ ಈ ಹರ್ಷಕಾಲದಲ್ಲಿಯೂ ಮೊಣಕಾಲೂರದೆ ನಿಂತೇ ಪ್ರಾರ್ಥಿಸಬೇಕೆಂದು ವಿಧಿಸಿತು. ಮೊಣಕಾಲೂರುವುದು ಪಶ್ಚಾತ್ತಾಪದ ಗುರುತು, ಎದ್ದು ನಿಲ್ಲುವುದು ಪುನರುತ್ಥಾನದ ಗುರುತು. ಮನಸ್ಸು ಬಂದಾಗ ನಲಿಯಿರಿ ಎಂದು ಸಭೆ ಹೇಳಲಿಲ್ಲ. ಸಂತ ಪೌಲನಾದರೂ ಫಿಲಿಪ್ಪಿಯವರಿಗೆ ಸಂತೋಷಪಡಿರೆಂದು ಮತ್ತೆ ಮತ್ತೆ ಬರೆದದ್ದು ತಾನು ಸೆರೆಯಲ್ಲಿದ್ದಾಗ. (ನಮ್ಮ ‘ಹಬ್ಬ’ವು ‘ಪರ್ವ’ದ ತದ್ಭವ, ಪರ್ವವೆಂದರೆ ಕಬ್ಬಿನ ಗೆಣ್ಣೂ ಹೌದು. ಬರಿಯ ಗೆಣ್ಣು ತಿನ್ನಲಾಗದು, ಗೆಣ್ಣಿಲ್ಲದೆ ಕಬ್ಬು ನಿಲ್ಲದು.)

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಮೂರು ಕಥೆಗಳಿವೆ. ಹತ್ತು ಬೆಳ್ಳಿ ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕುತ್ತಾಳೆ. ಸಿಕ್ಕೊಡನೆ ನೆರೆಹೊರೆಯವರನ್ನು ಕರೆಯುತ್ತಾಳೆ. ಒಂದು ನಾಣ್ಯಕ್ಕೆ ಕೇರಿಯನ್ನೆಲ್ಲ ಕೂಗಬೇಕೆ? ತಪ್ಪಿಸಿಕೊಂಡ ಕುರಿಯನ್ನು ಹೊತ್ತು ತಂದ ಕುರುಬನೂ ಹಾಗೆಯೇ ಕೂಗುತ್ತಾನೆ. ಮೂರನೆಯದು ದುಂದುಗಾರ ಮಗನ ಕಥೆ. ಅವನು ಮನೆಗೆ ಮರಳಿದ್ದಾನೆ, ಒಳಗೆ ವಾದ್ಯ, ಕುಣಿತ, ಔತಣ. ಹೊಲದಿಂದ ಬಂದ ಹಿರಿಯ ಮಗ ಮಾತ್ರ ಒಳಗೆ ಬರಲೊಲ್ಲ. ಅವನು ದುಡಿದವನು, ತಂದೆಯ ಮಾತು ಮೀರದವನು. ಅವನಿಗೆ ಕೂಡದೆ ಹೋದದ್ದು ಒಂದೇ: ಇನ್ನೊಬ್ಬನ ಹಿಗ್ಗಿನಲ್ಲಿ ಪಾಲುಗೊಳ್ಳುವುದು. ತಂದೆಯೇ ಹೊರಗೆ ಬಂದು ಬೇಡಿಕೊಳ್ಳುತ್ತಾನೆ. ಮಗ ಒಳಗೆ ಹೋದನೇ ಇಲ್ಲವೇ ಎಂಬುದನ್ನು ಯೇಸು ಹೇಳುವುದಿಲ್ಲ. ಉಪವಾಸಕ್ಕಿಂತ ಕಠಿಣವಾದ ವ್ರತ ಇದೆಂದು ನನಗೆ ತೋರುತ್ತದೆ.

ಇದು ನಮ್ಮ ನಾಡಿನಲ್ಲಿ ಬಾಳಿಗೆ ಇಳಿದಿರುವ ಬಗೆಯನ್ನು ಕಾಣಲು ಸೆಪ್ಟೆಂಬರ್ 8ನ್ನು ನೋಡಬೇಕು. ಅಂದು ಮರಿಯಮ್ಮನವರ ಹುಟ್ಟುಹಬ್ಬ. ಸೊಕ್ಕೆ, ಜಗಳೂರು ಕಡೆಯವರಿಗೆ ಹತ್ತಿರವಾದದ್ದು ಹರಿಹರದ ಆರೋಗ್ಯಮಾತೆಯ ಉತ್ಸವ. ಜಾತಿಮತಗಳ ಎಣಿಕೆಯಿಲ್ಲದೆ ಜನ ಅಲ್ಲಿ ಸೇರುತ್ತಾರೆ. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಅದೇ ದಿನ ‘ಮೊಂತಿ ಫೆಸ್ತ್’, ತೆನೆಹಬ್ಬ. ಮೊಂತೆ ಎಂದರೆ ಪೋರ್ಚುಗೀಸಿನಲ್ಲಿ ಗುಡ್ಡ. ಫರಂಗಿಪೇಟೆಯ ಮೊಂತೆ ಮರಿಯಾನೊ ಇಗರ್ಜಿಯನ್ನು ಈ ಹೆಸರು ನೆನಪಿಸುತ್ತದೆ. ಮುಂಚಿನ ಒಂಬತ್ತು ದಿನವೂ ಮಕ್ಕಳು ಹೂ ತಂದು ಬಾಲ ಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಕೊಡುತ್ತಾರೆ. ಮನೆಯಲ್ಲಿ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆಯಾದ ಮೇಲೆ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಆಮೇಲೆ ಬಾಳೆಯೆಲೆಯಲ್ಲಿ ಊಟ. ಮೀನಿಲ್ಲದೆ ಅನ್ನವಿಳಿಯದ ಆ ಸೀಮೆಯಲ್ಲಿ ಅಂದು ಬರಿಯ ತರಕಾರಿ. ಪಲ್ಯಗಳ ಸಂಖ್ಯೆ ಬೆಸವಾಗಿರಬೇಕೆಂಬುದು ವಾಡಿಕೆ. ಸೀಗೆ ಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲಿ, ಬಂದವರೊಡನೆ ಬುತ್ತಿ ಬಿಚ್ಚುವ ಬಯಲುಸೀಮೆಯ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಬ್ಬದೂಟ ಕೆಡುವುದೂ ಸುಲಭ. ಕೊರಿಂಥದ ಕ್ರೈಸ್ತರು ಒಟ್ಟಿಗೆ ಸೇರಿಯೂ ತಮ್ಮ ತಮ್ಮ ಬುತ್ತಿಯನ್ನು ತಾವೇ ಮುಗಿಸುತ್ತಿದ್ದರು. ಒಬ್ಬ ಹಸಿದಿರಲು ಇನ್ನೊಬ್ಬ ಕುಡಿದು ಮತ್ತನಾಗಿದ್ದ. ಅದು ಪ್ರಭುವಿನ ಭೋಜನವೇ ಅಲ್ಲವೆಂದು ಪೌಲ ಕಟುವಾಗಿಯೇ ಬರೆದ. ಕರಾವಳಿಯ ಮನೆಗಳಲ್ಲಿ ಈ ಎಚ್ಚರವುಂಟು. ಎಲೆಯ ಮುಂದೆ ಕುಳಿತವರದಷ್ಟೇ ಅಲ್ಲ, ಬರಲಾಗದವರ ಪಾಲನ್ನೂ ಎತ್ತಿಡುತ್ತಾರೆ. ಮುಂಬಯಿಯಲ್ಲಿಯೋ ಕೊಲ್ಲಿ ರಾಷ್ಟ್ರಗಳಲ್ಲಿಯೋ ಇರುವ ಮಕ್ಕಳಿಗೆ ಆಶೀರ್ವದಿಸಿದ ಹೊಸಕಾಳಿನ ಚಿಟಿಕೆ ಪುಡಿಯನ್ನು ಕಾಗದದಲ್ಲಿ ಮಡಿಸಿ ಅಂಚೆಗೆ ಹಾಕುತ್ತಾರೆ.