ಏರುದಾರಿಯ ಪಾಠ

ಬೈಸಿಕಲ್ ಬಡವರ ವಾಹನವೆಂದು ಹೆಸರಾಗಿದೆ. ಅದಕ್ಕೆ ಹುಲ್ಲು-ಹುರುಳಿ ಬೇಕಿಲ್ಲ, ಪೆಟ್ರೋಲು ಬೇಕಿಲ್ಲ. ಚಕ್ರಕ್ಕೆ ಒಂದಿಷ್ಟು ಗಾಳಿ, ಸರಪಳಿಗೆ ನಾಲ್ಕು ತೊಟ್ಟು ಎಣ್ಣೆ, ತುಳಿಯುವ ಕಾಲಿಗೆ ಬಲ, ಇಷ್ಟಿದ್ದರೆ ಸಾಕು. ಹಾಲು ಹಾಕುವವನನ್ನೂ ಪತ್ರಿಕೆ ಹಂಚುವವನನ್ನೂ ಶಾಲೆಗೆ ಹೊರಟ ವಿದ್ಯಾರ್ಥಿಯನ್ನೂ ಅದು ಒಂದೇ ಬಗೆಯಾಗಿ ಹೊತ್ತು ಸಾಗುತ್ತದೆ. ಸಮನೆಲದಲ್ಲಿ ಅದನ್ನು ನಡೆಸುವುದು ಆಟದಷ್ಟೇ ಸುಲಭ. ಏರು ಎದುರಾದಾಗ ಮಾತ್ರ ಅದು ನಮ್ಮ ಸತ್ವವನ್ನು ಪರೀಕ್ಷಿಸತೊಡಗುತ್ತದೆ.

ಈ ವಾಹನ ಒಂದೇ ದಿನದಲ್ಲಿ ಹುಟ್ಟಿದುದಲ್ಲ. 1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬಾತ ಮರದ ಎರಡು ಚಕ್ರಗಳ ಗಾಡಿಯೊಂದನ್ನು ಮಾಡಿದನು. ಅದಕ್ಕೆ ಪೆಡಲುಗಳಿರಲಿಲ್ಲ, ಸವಾರನು ಕಾಲಿನಿಂದ ನೆಲವನ್ನು ಒದೆಯುತ್ತ ಮುಂದೆ ಸಾಗಬೇಕಾಗಿತ್ತು. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲೆ ನಿರ್ಮಿಸಿದ ಬೈಸಿಕಲ್ಲಿನಲ್ಲಿ ಇಂದಿನ ರೂಪ ಮೂಡಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ಕಲ್ಲುಹಾದಿಯೂ ಸಹ್ಯವಾಯಿತು. ಆಗ ಮನುಷ್ಯನ ಕಣ್ಣು ಬೆಟ್ಟಗಳ ಮೇಲೆ ಬಿದ್ದಿತು.

ಬೆಟ್ಟದ ದಾರಿಯ ಸವಾರಿಗೆ ಇಟಲಿ ದೇಶ ಪ್ರಸಿದ್ಧವಾಗಿದೆ. ಆ ದೇಶವನ್ನೇ ಸುತ್ತುವ ಬೈಸಿಕಲ್ ಸ್ಪರ್ಧೆ 1909ರಲ್ಲಿ ಆರಂಭವಾಯಿತು. ಉತ್ತರದ ಆಲ್ಪ್ಸ್ ಪರ್ವತಗಳಲ್ಲಿರುವ ಸ್ಟೆಲ್ವಿಯೊ ಕಣಿವೆದಾರಿ ಸಮುದ್ರಮಟ್ಟದಿಂದ 2,757 ಮೀಟರ್ ಎತ್ತರದಲ್ಲಿದೆ. ಒಂದು ಬದಿಯಿಂದ ಅಲ್ಲಿಗೆ ಏರಬೇಕಾದರೆ 48 ಕಡಿದಾದ ತಿರುವುಗಳನ್ನು ದಾಟಬೇಕು. ಮಧ್ಯ ಇಟಲಿಯ ಟಸ್ಕನಿ ಪ್ರಾಂತದ ಬಗೆ ಬೇರೆ. ಅಲ್ಲಿನ ಗುಡ್ಡಗಳು ಅಷ್ಟು ಎತ್ತರವಲ್ಲ. ಆದರೆ ಒಂದನ್ನು ಇಳಿಯುವಷ್ಟರಲ್ಲಿ ಇನ್ನೊಂದು ಎದುರು ನಿಲ್ಲುತ್ತದೆ. 60 ಮೀಟರ್ ಎತ್ತರದ ಇಪ್ಪತ್ತು ಗುಡ್ಡಗಳನ್ನು ಹತ್ತಿ ಇಳಿದವನು ಒಟ್ಟು 1,200 ಮೀಟರ್ ಏರಿದಂತಾಯಿತು. ದೊಡ್ಡ ಬೆಟ್ಟ ಒಮ್ಮೆಗೇ ಹೆದರಿಸುತ್ತದೆ. ಸಣ್ಣ ಗುಡ್ಡಗಳು ಸದ್ದಿಲ್ಲದೆ ಸೋಲಿಸುತ್ತವೆ.

ಆ ಟಸ್ಕನಿಯ ಫ್ಲಾರೆನ್ಸ್ ನಗರದ ಬಳಿ ಹುಟ್ಟಿದವನು ಜೀನೋ ಬಾರ್ತಾಲಿ. ಇಟಲಿಯ ಮಹಾಸ್ಪರ್ಧೆಯನ್ನು ಮೂರು ಬಾರಿಯೂ ಫ್ರಾನ್ಸಿನ ಮಹಾಸ್ಪರ್ಧೆಯನ್ನು 1938 ಮತ್ತು 1948ರಲ್ಲಿಯೂ ಗೆದ್ದ ಧೀರನಾತ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಟಲಿಯ ಯಹೂದ್ಯರ ಪ್ರಾಣಕ್ಕೆ ಸಂಚಕಾರ ಬಂದಿತು. ಬಾರ್ತಾಲಿ ಅಭ್ಯಾಸದ ನೆಪ ಹೂಡಿ ಫ್ಲಾರೆನ್ಸಿನಿಂದ ದೂರದ ಅಸೀಸಿಯವರೆಗೆ ಬೈಸಿಕಲ್ ತುಳಿಯುತ್ತಿದ್ದನು. ಬೈಸಿಕಲ್ಲಿನ ಟೊಳ್ಳು ಕೊಳವೆಗಳಲ್ಲಿ ಅವರನ್ನು ಉಳಿಸಬಲ್ಲ ಗುರುತಿನ ಪತ್ರಗಳು ಅಡಗಿರುತ್ತಿದ್ದವು. ಸಿಕ್ಕಿಬಿದ್ದಿದ್ದರೆ ಅವನ ಪ್ರಾಣಕ್ಕೇ ಮುಪ್ಪಾಗುತ್ತಿತ್ತು. ಯುದ್ಧ ಮುಗಿದ ಮೇಲೂ ಅವನು ಈ ಕಾರ್ಯವನ್ನು ಹೇಳಿಕೊಂಡು ಮೆರೆಯಲಿಲ್ಲ. ಅವನು ತೀರಿಕೊಂಡ ಬಹಳ ವರ್ಷಗಳ ಅನಂತರ, 2013ರಲ್ಲಿ, ಇಸ್ರೇಲಿನ ಯಾದ್ ವಾಷೆಮ್ ಸಂಸ್ಥೆ ಅವನಿಗೆ ಗೌರವ ಸಲ್ಲಿಸಿತು. ಬೆಟ್ಟ ಹತ್ತಿ ಗಳಿಸಿದ ಬಲವನ್ನು ಪರರ ಜೀವ ಕಾಯಲು ಬಳಸಿದುದೇ ಅವನ ದೊಡ್ಡ ಗೆಲವು.

ಏರಿನ ಕಷ್ಟವನ್ನು ಅಳೆಯುವುದು ಹೇಗೆ? 100 ಮೀಟರ್ ದೂರ ಸಾಗುವಷ್ಟರಲ್ಲಿ ದಾರಿ 5 ಮೀಟರ್ ಎತ್ತರಕ್ಕೆ ಏರಿದರೆ ಅದನ್ನು ನೂರಕ್ಕೆ ಐದರ ಏರು ಎನ್ನುತ್ತಾರೆ. ಅಂತಹ ದಾರಿಯಲ್ಲಿ ಒಂದು ಕಿಲೋಮೀಟರ್ ಸಾಗಿದರೆ 50 ಮೀಟರ್ ಮೇಲೇರುತ್ತೇವೆ. 50 ಕಿಲೋಗ್ರಾಂ ತೂಕದ ಬಾಲಕಿಯೊಬ್ಬಳು 20 ಕಿಲೋಗ್ರಾಂ ತೂಕದ ಬೈಸಿಕಲ್ಲಿನಲ್ಲಿ ಈ ಏರನ್ನು ಹತ್ತುವಳೆನ್ನೋಣ. ಒಟ್ಟು 70 ಕಿಲೋಗ್ರಾಂ ಭಾರವನ್ನು 50 ಮೀಟರ್ ಮೇಲೆತ್ತಲು ಸುಮಾರು 34,300 ಜೌಲ್‌ಗಳಷ್ಟು ಕೆಲಸ ನಡೆಯಬೇಕು. ಆರು ನಿಮಿಷಗಳಲ್ಲಿ ಹತ್ತಿದರೆ ಅವಳ ಕಾಲುಗಳು ಸುಮಾರು 95 ವಾಟ್ ಸಾಮರ್ಥ್ಯದಿಂದ ದುಡಿದಂತಾಯಿತು. ಹನ್ನೆರಡು ನಿಮಿಷ ತೆಗೆದುಕೊಂಡರೆ ಕೆಲಸ ಅಷ್ಟೇ; ಬೇಕಾಗುವ ಸಾಮರ್ಥ್ಯ ಮಾತ್ರ ಅರ್ಧ. ಏರಿನಲ್ಲಿ ಅವಸರ ಪಡುವವನು ಬೇಗ ದಣಿಯುವುದರ ಗುಟ್ಟು ಇದೇ.

ಬೆಟ್ಟದ ದಾರಿಗಳು ಹಾವಿನಂತೆ ಸುತ್ತಿ ಸುತ್ತಿ ಏರುವುದೂ ಇದೇ ಕಾರಣಕ್ಕೆ. ನೇರವಾಗಿ ಏರಿದರೆ ದೂರ ಕಡಿಮೆ, ಬೇಕಾಗುವ ಬಲ ಹೆಚ್ಚು. ಸುತ್ತಿ ಏರಿದರೆ ದೂರ ಹೆಚ್ಚು, ಬಲ ಕಡಿಮೆ. ಗೇರುಗಳಿರುವ ಬೈಸಿಕಲ್ಲೂ ಇದೇ ತತ್ತ್ವವನ್ನು ಅನುಸರಿಸುತ್ತದೆ. ಕೆಳಗಿನ ಗೇರಿನಲ್ಲಿ ಕಾಲು ಹೆಚ್ಚು ಸಲ ತಿರುಗುತ್ತದೆ, ಒಂದೊಂದು ತುಳಿತವೂ ಹಗುರವಾಗಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಕಾಣುವ ಬಹುಪಾಲು ಬೈಸಿಕಲ್ಲುಗಳಿಗೆ ಈ ಅನುಕೂಲವಿಲ್ಲ. ಆದಕಾರಣ ಕಡಿದಾದ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದು ನಾಚಿಕೆಯ ಸಂಗತಿಯಲ್ಲ, ಜಾಣತನ.

ಇನ್ನು ನಮ್ಮ ನಾಡಿನತ್ತ ನೋಡೋಣ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಬಯಲುಸೀಮೆಗೆ ಸೇರಿದವು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇವೂ ಸೇರಿವೆ. ಚಳ್ಳಕೆರೆ ಶೇಂಗಾ ಎಣ್ಣೆಯ ಗಿರಣಿಗಳಿಗೂ ಕುರಿಯ ಉಣ್ಣೆಯ ಕಂಬಳಿಗೂ ಹೆಸರಾದರೆ, ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರುವಾಸಿ. ಚಿತ್ರದುರ್ಗ ಸುಮಾರು 730 ಮೀಟರ್ ಎತ್ತರದಲ್ಲಿದೆ, ಚಳ್ಳಕೆರೆ ಸುಮಾರು 585 ಮೀಟರ್ ಎತ್ತರದಲ್ಲಿ. ನಡುವಣ ದೂರ ಮೂವತ್ತು ಕಿಲೋಮೀಟರಿನ ಆಸುಪಾಸು. ಅಂದರೆ ಕಿಲೋಮೀಟರಿಗೆ ಐದು ಮೀಟರಿನಂತೆ ನೆಲ ಇಳಿಯುತ್ತದೆ. ಕಣ್ಣಿಗೆ ಇದು ಇಳಿಜಾರೆಂದು ತೋರುವುದೇ ಇಲ್ಲ. ಆದರೆ ಮರಳಿ ಬರುವಾಗ ಕಾಲಿಗೆ ಗೊತ್ತಾಗುತ್ತದೆ.

ಚಳ್ಳಕೆರೆಯಿಂದ ಉತ್ತರಕ್ಕೆ ಬಳ್ಳಾರಿಯ ಹೆದ್ದಾರಿ ಹಿಡಿದರೆ ತಳುಕು ಸಿಗುತ್ತದೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ ಅವರ ಗುರು ಟಿ. ಎಸ್. ವೆಂಕಣ್ಣಯ್ಯನವರು ಈ ಊರಿನ ಮನೆತನದವರು. ಮುಂದೆ ಬೊಮ್ಮಗೊಂಡನಕೆರೆಯನ್ನು ದಾಟಿ ಹಾನಗಲ್ಲಿನ ಬಳಿ ಬಲಕ್ಕೆ ತಿರುಗಿದರೆ ಮೊಳಕಾಲ್ಮೂರು. ಒಟ್ಟು ದಾರಿ ಸುಮಾರು ಐವತ್ತು ಕಿಲೋಮೀಟರ್. ಮೊದಲರ್ಧದಲ್ಲಿ ಬಯಲು, ಶೇಂಗಾ ಹೊಲ, ಕುರಿಹಿಂಡು. ಮುಂದೆ ಸಾಗಿದಂತೆ ದಿಗಂತದಲ್ಲಿ ಬಂಡೆಗಳ ಬೆಟ್ಟಸಾಲುಗಳು ತಲೆಯೆತ್ತುತ್ತವೆ. ಮೊಳಕಾಲ್ಮೂರಿನ ಸಮೀಪ ನುಂಕೆಮಲೆ, ಅದರಾಚೆ ಬ್ರಹ್ಮಗಿರಿ ಮತ್ತು ಜಟಿಂಗ ರಾಮೇಶ್ವರ. ಈ ಕೊನೆಯ ಬೆಟ್ಟದ ಎತ್ತರ 3,469 ಅಡಿ, ಎಂದರೆ ಸುಮಾರು 1,057 ಮೀಟರ್.

ಆಲ್ಪ್ಸಿನ ಮುಂದೆ ಈ ಬೆಟ್ಟಗಳು ಕಿರಿಯವು. ಆದರೆ ಇಲ್ಲಿನ ಸವಾರನಿಗೆ ಏರಿನ ಜೊತೆಗೆ ಇನ್ನೂ ಮೂರು ಅಡ್ಡಿಗಳಿವೆ. ಮೊದಲನೆಯದು ಗಾಳಿ. ಆಷಾಢದಲ್ಲಿ ನೈಋತ್ಯದಿಂದ ಬೀಸುವ ಗಾಳಿಗೆ ಬಯಲಿನಲ್ಲಿ ತಡೆಯೇ ಇಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಈ ಬಲವನ್ನು ನೆಚ್ಚಿಯೇ. ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಸಾಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ ಅವನ ಮೈಗೆ 30 ಕಿಲೋಮೀಟರ್ ವೇಗದ ಗಾಳಿ ತಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಮೊಳಕಾಲ್ಮೂರಿಗೆ ಹೋಗುವಾಗ ಬೆನ್ನು ತಟ್ಟಿದ ಗಾಳಿಯೇ ಚಳ್ಳಕೆರೆಗೆ ಮರಳುವಾಗ ಎದೆಗೆ ಕೈಯಿಟ್ಟು ತಡೆಯುತ್ತದೆ. ಆದ್ದರಿಂದ ಹೋಗುವಾಗಿನ ಸುಖವನ್ನು ನಂಬಿ ಶಕ್ತಿಯನ್ನೆಲ್ಲ ವ್ಯಯಮಾಡಬಾರದು.

ಎರಡನೆಯದು ಬಿಸಿಲು. ಬೇಸಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುತ್ತದೆ. ಒಣಗಾಳಿಯಲ್ಲಿ ಬೆವರು ಬಂದೊಡನೆ ಆರಿಹೋಗುವುದರಿಂದ ಎಷ್ಟು ನೀರು ಕಳೆದುಕೊಂಡೆವೆಂಬುದು ಅರಿವಿಗೇ ಬರುವುದಿಲ್ಲ. ಬಾಯಾರುವ ಮುನ್ನವೇ ಗುಟುಕು ಗುಟುಕಾಗಿ ನೀರನ್ನೋ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಕುಡಿಯಬೇಕು. ಬುತ್ತಿಗೆ ಶೇಂಗಾ-ಬೆಲ್ಲಕ್ಕಿಂತ ಒಳ್ಳೆಯದು ಬೇಕಿಲ್ಲ. ತಲೆಸುತ್ತು, ತಲೆನೋವು, ಮಾತಿನಲ್ಲಿ ತಡಬಡಿಕೆ ಕಂಡರೆ ಸವಾರಿ ಅಲ್ಲಿಗೇ ನಿಲ್ಲಬೇಕು. ಅಂಥವನನ್ನು ನೆರಳಿಗೆ ತಂದು, ಒದ್ದೆಬಟ್ಟೆಯಿಂದ ಮೈ ತಂಪು ಮಾಡಿ, ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು. ಬಿಸಿಲಿನೊಡನೆ ಹಟ ಹಿಡಿದವರು ಪ್ರಾಣವನ್ನೇ ಕಳೆದುಕೊಂಡಾರು. ನಸುಕಿನಲ್ಲಿ ಹೊರಟು ಹೊತ್ತೇರುವ ಮುನ್ನ ಊರು ಸೇರುವುದೇ ವಿವೇಕ.

ಮೂರನೆಯದು ಮುಳ್ಳು. ದಾರಿಯ ಇಕ್ಕೆಲಗಳಲ್ಲಿ ಬೆಳೆದಿರುವ ಬಳ್ಳಾರಿ ಜಾಲಿಯ ಮುಳ್ಳು ಟೈರನ್ನು ತೂರಿ ಟ್ಯೂಬನ್ನು ಚುಚ್ಚುತ್ತದೆ. ಪಂಪು, ರಬ್ಬರಿನ ತೇಪೆ, ಸೊಲ್ಯೂಷನ್ ಜೊತೆಗಿರಬೇಕು. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವೆಡೆ ತೂತೆಂದು ಗುರುತಿಸಿ ತೇಪೆ ಹಾಕುವುದನ್ನು ಪ್ರತಿಯೊಬ್ಬ ಸವಾರನೂ ಕಲಿತಿರಬೇಕು.

ಏರಿದವನು ಇಳಿಯಲೇಬೇಕು. ಏರು ದಣಿಸುತ್ತದೆ, ಇಳಿಜಾರು ಕೆಡಹುತ್ತದೆ. ವೇಗ ಎರಡು ಪಟ್ಟಾದಾಗ ಬ್ರೇಕು ಹಿಡಿದ ಮೇಲೆ ಬೈಸಿಕಲ್ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು. ತಿರುವಿಗೆ ಬಂದ ಮೇಲೆ ಬ್ರೇಕು ಹಿಡಿಯುವುದಲ್ಲ. ಬರುವ ಮೊದಲೇ ವೇಗ ತಗ್ಗಿಸಬೇಕು. ಹೆದ್ದಾರಿಯಲ್ಲಿ ಲಾರಿಗಳ ಭರಾಟೆಯಿರುವುದರಿಂದ ಸಾಲಾಗಿ ಎಡಬದಿಯಲ್ಲೇ ಸಾಗಬೇಕು.

ಇಂತಹ ದಾರಿಗಳನ್ನು ತುಳಿಯುವವರು ಸ್ಪರ್ಧಿಗಳಷ್ಟೇ ಅಲ್ಲ. ಈ ಸೀಮೆಯ ಹಟ್ಟಿ-ಹಳ್ಳಿಗಳಿಂದ ಪ್ರೌಢಶಾಲೆಗೆ ಹಲವು ಕಿಲೋಮೀಟರ್ ನಡೆಯಬೇಕಾದ ಮಕ್ಕಳಿದ್ದರು. ಶಾಲೆ ದೂರವೆಂಬ ಒಂದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳ ಓದು ಏಳನೆಯ ತರಗತಿಗೇ ನಿಲ್ಲುತ್ತಿತ್ತು. ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ನೀಡುವ ಯೋಜನೆಯನ್ನು ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದಾಗ ಆ ದೂರ ಎಷ್ಟೋ ಮಟ್ಟಿಗೆ ಕಿರಿದಾಯಿತು. 1924ರಲ್ಲಿ ಇಟಲಿಯ ಅಲ್ಫೋನ್ಸೀನಾ ಸ್ತ್ರಾದಾ ಎಂಬ ಮಹಿಳೆ ಗಂಡಸರೊಡನೆ ಆ ದೇಶದ ಮಹಾಸ್ಪರ್ಧೆಗೆ ಇಳಿದಳು. ಒಂದು ದಿನ ಅವಳ ಹಿಡಿಕೆ ಮುರಿಯಿತು. ಗೊತ್ತುಪಡಿಸಿದ ವೇಳೆ ಮೀರಿ ಬಂದುದರಿಂದ ಅವಳ ಹೆಸರನ್ನು ಲೆಕ್ಕದಿಂದ ತೆಗೆದರು. ಆದರೂ ಅವಳು ತುಳಿಯುತ್ತಲೇ ಹೋಗಿ ಮಿಲಾನ್ ನಗರವನ್ನು ಮುಟ್ಟಿದಳು. ಹೊರಟ ಗಂಡಸರಲ್ಲಿ ಹೆಚ್ಚಿನವರು ನಡುದಾರಿಯಲ್ಲೇ ಕೈಬಿಟ್ಟಿದ್ದರು. ಎದುರುಗಾಳಿಯಲ್ಲಿ ಪುಸ್ತಕದ ಚೀಲ ಹೊತ್ತು ಶಾಲೆ ಮುಟ್ಟುವ ಬಾಲಕಿಯ ಸಾಹಸ ಅದಕ್ಕಿಂತ ಕಡಿಮೆಯದೆ?

ಮೊಳಕಾಲ್ಮೂರಿನಾಚೆಗೆ ಸಾಗಿದರೆ ಬ್ರಹ್ಮಗಿರಿ. ಅಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕ ಚಕ್ರವರ್ತಿಯ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಬ್ರಾಹ್ಮೀ ಲಿಪಿಯಲ್ಲಿ ಬರೆದು, ಕೊನೆಯ ಪದವನ್ನು ಮಾತ್ರ ಅವನು ದೂರದ ವಾಯವ್ಯ ಭಾರತದ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾತನ್ನು ಹೊತ್ತವರು ಆ ಕಾಲದಲ್ಲಿ ಎಷ್ಟು ಬೆಟ್ಟಗಳನ್ನು, ಎಷ್ಟು ಹೊಳೆಗಳನ್ನು ದಾಟಿ ಇಲ್ಲಿಗೆ ಬಂದಿರಬೇಕು! ಬಂಡೆಯ ಮೇಲಿನ ಆ ಮಾತಿನ ಸಾರ ಇಷ್ಟು: ಪರಿಶ್ರಮದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ; ಶ್ರದ್ಧೆಯಿಂದ ದುಡಿದರೆ ಸಣ್ಣವರೂ ಅದನ್ನು ಪಡೆಯಬಲ್ಲರು.

ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಈ ಮಾತನ್ನು ಏರುದಾರಿ ಇಂದಿಗೂ ನಮಗೆ ನೆನಪಿಸುತ್ತದೆ. ಬೆಟ್ಟವು ಹತ್ತುವವನ ಕುಲವನ್ನಾಗಲಿ ಸಿರಿಯನ್ನಾಗಲಿ ಕೇಳುವುದಿಲ್ಲ. ಒಂದೊಂದೇ ತುಳಿತವನ್ನು ಕೇಳುತ್ತದೆ. ಕೊಟ್ಟವನಿಗೆ ತನ್ನ ನೆತ್ತಿಯನ್ನು ಒಪ್ಪಿಸುತ್ತದೆ.