ರಾಯಭಾರಿಯ ಗುಟ್ಟಿನ ವರದಿ ಬಯಲಾದರೆ ಏನಾಗುತ್ತೆ? ಕಿಮ್ ಡ್ಯಾರಕ್ ಕಥೆ

ರಾಯಭಾರಿ ಅಂದ ಕೂಡಲೇ ನಮಗೆ ನೆನಪಾಗೋದು ಸೂಟು, ಔತಣಕೂಟ, ಕೈಕುಲುಕುವ ಫೋಟೋ. ಆದರೆ ಅವರ ಮುಖ್ಯ ಕೆಲಸ ಕಣ್ಣಿಗೆ ಬೀಳೋದೇ ಇಲ್ಲ. ತಾವಿರುವ ದೇಶದಲ್ಲಿ ನಿಜಕ್ಕೂ ಏನು ನಡೀತಿದೆ ಅನ್ನೋದನ್ನ ತಮ್ಮ ಸರ್ಕಾರಕ್ಕೆ ಮುಚ್ಚುಮರೆಯಿಲ್ಲದೆ ಬರೆದು ಕಳಿಸೋದು. ಆ ಕೆಲಸ ಮಾಡಿಯೇ ಹುದ್ದೆ ಕಳೆದುಕೊಂಡ ಬ್ರಿಟನ್ನಿನ ಹಿರಿಯ ರಾಜತಾಂತ್ರಿಕ ಕಿಮ್ ಡ್ಯಾರಕ್ ಬಗ್ಗೆ ಇವತ್ತು ಹೇಳ್ತೀನಿ.

1954ರಲ್ಲಿ ಹುಟ್ಟಿದ ಡ್ಯಾರಕ್ ಸಿರಿವಂತರ ಮನೆಯ ಹುಡುಗ ಅಲ್ಲ. ಓದಿದ್ದು ಡರ್ಹಮ್ ವಿಶ್ವವಿದ್ಯಾಲಯದಲ್ಲಿ, ಅದೂ ಪ್ರಾಣಿಶಾಸ್ತ್ರ! 1970ರ ದಶಕದಲ್ಲಿ ವಿದೇಶಾಂಗ ಸೇವೆಗೆ ಸೇರಿ ಟೋಕಿಯೊ, ರೋಮ್‌ಗಳಲ್ಲಿ ಕೆಲಸ ಮಾಡಿದರು. 2007ರಿಂದ 2011ರವರೆಗೆ ಐರೋಪ್ಯ ಒಕ್ಕೂಟದಲ್ಲಿ ಬ್ರಿಟನ್ನಿನ ಕಾಯಂ ಪ್ರತಿನಿಧಿ, ಆಮೇಲೆ ಪ್ರಧಾನಿಯ ರಾಷ್ಟ್ರೀಯ ಭದ್ರತಾ ಸಲಹೆಗಾರ. 2016ರ ಜನವರಿಯಲ್ಲಿ ವಾಷಿಂಗ್ಟನ್‌ನ ರಾಯಭಾರಿಯಾದರು. ಅದೇ ವರ್ಷ ಡೊನಾಲ್ಡ್ ಟ್ರಂಪ್ ಗೆದ್ದರು. ಗೆದ್ದ ಕೆಲವೇ ದಿನಗಳಲ್ಲಿ, ಬ್ರಿಟನ್ನಿನ ರಾಯಭಾರಿಯಾಗಿ ನೈಜೆಲ್ ಫರಾಜ್ ಬಂದರೆ ಚೆನ್ನಾಗಿರುತ್ತೆ ಅಂತ ಟ್ವೀಟ್ ಮಾಡಿದರು. ಆ ಹುದ್ದೆ ಖಾಲಿ ಇಲ್ಲ ಅಂತ ಲಂಡನ್ ಉತ್ತರ ಕೊಟ್ಟಿತು.

ಅಸಲಿ ಬಿರುಗಾಳಿ ಎದ್ದಿದ್ದು 2019ರ ಜುಲೈ 7ರಂದು. ಡ್ಯಾರಕ್ ಬರೆದಿದ್ದ ಗೋಪ್ಯ ವರದಿಗಳು 'ಮೇಲ್ ಆನ್ ಸಂಡೇ' ಪತ್ರಿಕೆಯಲ್ಲಿ ಅಚ್ಚಾದವು. ಟ್ರಂಪ್ ಆಡಳಿತ ಅಸಮರ್ಥ, ಅಸ್ತವ್ಯಸ್ತ ಅನ್ನೋ ಅರ್ಥದ ಮಾತುಗಳು ಅದರಲ್ಲಿದ್ದವು. ಮರುದಿನವೇ ಟ್ರಂಪ್, ಇನ್ನು ಇವರ ಜೊತೆ ನಮ್ಮ ವ್ಯವಹಾರ ಇಲ್ಲ ಅಂದುಬಿಟ್ಟರು.

ಇಲ್ಲೊಂದು ವಿಷಯ ಗಮನಿಸಿ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ ಯಾವ ದೇಶ ಬೇಕಾದರೂ, ಕಾರಣ ಕೊಡದೆ, ಒಬ್ಬ ರಾಯಭಾರಿಯನ್ನ 'ನಮಗೆ ಬೇಡ' ಅಂತ ವಾಪಸ್ ಕಳಿಸಬಹುದು. ಅಮೆರಿಕ ಅದನ್ನ ಅಧಿಕೃತವಾಗಿ ಮಾಡಲೇ ಇಲ್ಲ. ಮಾಡುವ ಅಗತ್ಯವೂ ಬೀಳಲಿಲ್ಲ. ಶ್ವೇತಭವನದ ಬಾಗಿಲು ಮುಚ್ಚಿದರೆ ರಾಯಭಾರಿ ಅಲ್ಲಿದ್ದು ಮಾಡೋದಾದರೂ ಏನು?

ಪ್ರಧಾನಿ ತೆರೇಸಾ ಮೇ ಡ್ಯಾರಕ್ ಬೆನ್ನಿಗೆ ನಿಂತರು. ಆದರೆ ಅವರು ಹೊರಡುವ ಹಾದಿಯಲ್ಲಿದ್ದರು. ಆ ಕುರ್ಚಿಗೆ ಮುಂದಿನ ಪ್ರಮುಖ ಸ್ಪರ್ಧಿ ಬೋರಿಸ್ ಜಾನ್ಸನ್. ಜುಲೈ 9ರ ಟಿವಿ ಚರ್ಚೆಯಲ್ಲಿ, ಡ್ಯಾರಕ್ ಅವರನ್ನ ಉಳಿಸಿಕೊಳ್ತೀರಾ ಅಂತ ಮತ್ತೆ ಮತ್ತೆ ಕೇಳಿದರೂ ಜಾನ್ಸನ್ ನೇರ ಉತ್ತರ ಕೊಡಲಿಲ್ಲ. ಮರುದಿನ ಡ್ಯಾರಕ್ ರಾಜೀನಾಮೆ ಕೊಟ್ಟರು.

ಆಮೇಲೆ ಅವರಿಗೆ ಹೌಸ್ ಆಫ್ ಲಾರ್ಡ್ಸ್ ಸದಸ್ಯತ್ವ ಸಿಕ್ಕಿತು, 2020ರಲ್ಲಿ ಅನುಭವಗಳ ಪುಸ್ತಕವೂ ಬಂತು. ಆದರೆ ನನಗೆ ಮುಖ್ಯ ಅನ್ಸೋದು ಆ ಮನುಷ್ಯನ ಹುದ್ದೆಗಿಂತ ಅಲ್ಲಿ ಹುಟ್ಟಿದ ಭಯ. ಮುಂದೆ ವರದಿ ಬರೆಯೋಕೆ ಕೂತ ರಾಯಭಾರಿ, 'ಇದು ಸೋರಿಕೆಯಾದರೆ ನನ್ನ ಗತಿ ಏನು' ಅಂತ ಯೋಚಿಸದೆ ಇರ್ತಾರಾ? ಹಾಗೆ ಹೆದರಿ ಸಿಹಿ ಸಿಹಿಯಾಗಿ ಬರೆದರೆ, ಅದನ್ನೇ ನಂಬಿ ಕೂತ ಸರ್ಕಾರ ತಪ್ಪು ಹೆಜ್ಜೆ ಇಡುತ್ತೆ. ಅದರ ಬೆಲೆ ತೆರೋದು ಜನ. ಹಾಗಾಗಿ ಕಹಿ ಸುದ್ದಿ ಬರೆದವರನ್ನ ಕಾಪಾಡೋದು ಅವರಿಗೆ ಮಾಡುವ ಉಪಕಾರ ಅಲ್ಲ. ಅದು ಸರ್ಕಾರಕ್ಕೇ ಬೇಕಾದ ರಕ್ಷಣೆ.